ಎಲೆಮರೆಯ ತಂತಿ
(ಬಾನುಲಿ ಭಾಷಣ)

ಎಲೆಮರೆಯ ಕಾಯಿ ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು. ಸದ್ದಿಲ್ಲದೆ ತಮ್ಮ ಕೆಲಸ ಮಾಡಿಕೊಂಡು, ಹೆಸರನ್ನು ಬಯಸದೆ ಇರುವವರನ್ನು ನಾವು ಹಾಗೆ ಕರೆಯುತ್ತೇವೆ. ಎಲೆಯ ಮರೆಯಲ್ಲಿರುವುದು ಕಾಯಿಯಲ್ಲದೆ ವಿದ್ಯುತ್ತಿನ ತಂತಿಯಾದರೆ ಅದನ್ನೂ ಹಾಗೆಯೇ ಹೊಗಳಬಹುದೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಕ್ರಿಸ್‌ಮಸ್ ಹಬ್ಬದ ಕೃತಕ ಮರ. ಅಮೆರಿಕದ ಅನೇಕ ಮನೆಗಳಲ್ಲಿ, ಡಿಸೆಂಬರ್ ತಿಂಗಳು ಹತ್ತಿರವಾಯಿತೆಂದರೆ, ಅಟ್ಟದಿಂದಲೋ ನೆಲಮಾಳಿಗೆಯಿಂದಲೋ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದು ಹೊರಗೆ ಬರುತ್ತದೆ. ಅದರೊಳಗೆ ಮೂರು ನಾಲ್ಕು ತುಂಡುಗಳಾಗಿ ಮಲಗಿರುವ ಪ್ಲಾಸ್ಟಿಕ್ಕಿನ ಮರವನ್ನು ಒಂದರ ಮೇಲೊಂದು ನಿಲ್ಲಿಸಿ, ಕೊಂಬೆಗಳನ್ನು ಬಿಡಿಸಿ ಹರಡಿದರೆ, ಅರ್ಧ ಗಂಟೆಯಲ್ಲಿ ಆಳೆತ್ತರದ ಹಸಿರು ಮರ ಸಿದ್ಧ. ದೀಪಗಳನ್ನು ತಂದು ಸುತ್ತುವ ಕೆಲಸವಿಲ್ಲ. ಕಾರ್ಖಾನೆಯಲ್ಲಿಯೇ ಕೊಂಬೆಕೊಂಬೆಗೂ ಪುಟ್ಟ ಬಲ್ಬುಗಳನ್ನು ಬಿಗಿದು ಕಳುಹಿಸಿರುತ್ತಾರೆ. ಉಳಿಯುವುದು ಒಂದೇ ಕೆಲಸ: ಆ ಮರಕ್ಕೆ ವಿದ್ಯುತ್ತನ್ನು ಕೊಡುವುದು, ಕೊಟ್ಟದ್ದು ಕಾಣದಂತೆ ಮಾಡುವುದು.

ಪಾಲಿಟೆಕ್ನಿಕ್ ಒಂದರಲ್ಲಿ ವಿದ್ಯುತ್ ವಿಷಯವನ್ನು ಬಹುಕಾಲ ಪಾಠ ಹೇಳಿದವನು ನಾನು. ಮಗಳು, ಅಳಿಯ ಅಮೆರಿಕದ ಓಹಾಯೋ ಸೀಮೆಯಲ್ಲಿರುವುದರಿಂದ ಕೆಲವು ಚಳಿಗಾಲಗಳನ್ನು ಅಲ್ಲಿ ಕಳೆದೆ. ಹೊರಗೆ ಹಿಮ ಬಿದ್ದು ನಡೆದಾಡಲು ಸಾಧ್ಯವಿಲ್ಲದ ದಿನಗಳಲ್ಲಿ, ಅವರ ಮನೆಯ ಮರವನ್ನೂ ನೆರೆಹೊರೆಯವರ ಮನೆಯ ಮರಗಳನ್ನೂ ನೋಡುವುದು ನನಗೆ ಒಂದು ಕಾಲಯಾಪನೆಯಾಯಿತು. ಎಲ್ಲರೂ ಮರದ ಮುಂಭಾಗವನ್ನು ನೋಡಿದರೆ ನಾನು ಹಿಂಭಾಗವನ್ನು ನೋಡುತ್ತಿದ್ದೆ. ಹಳೆಯ ಚಾಳಿ, ಬಿಡುವುದು ಕಷ್ಟ. ಹಾಗೆ ನೋಡುತ್ತ ಬಂದಂತೆ ಈ ಸಣ್ಣ ವಿಷಯದಲ್ಲಿಯೂ ಮಾತನಾಡಲು ತಕ್ಕಷ್ಟು ಸರಕು ಇದೆಯೆಂದು ತೋರಿತು.

ಮರೆಮಾಡುವ ಈ ಕೆಲಸ ಇಂದಿನದಲ್ಲ. ಜರ್ಮನಿಯಿಂದ ಬಂದ ಕ್ರಿಸ್‌ಮಸ್ ಮರದ ಪದ್ಧತಿಯಲ್ಲಿ ಮೊದಲು ಕೊಂಬೆಗಳಿಗೆ ಮೇಣದ ಬತ್ತಿಗಳನ್ನು ಸಿಕ್ಕಿಸುತ್ತಿದ್ದರು. ಕಡಿದು ತಂದ ಒಣಮರ, ಅದರ ಮೇಲೆ ಉರಿಯುವ ಬತ್ತಿ; ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟುಕೊಂಡು ಸ್ವಲ್ಪ ಹೊತ್ತು ಮಾತ್ರ ಹಚ್ಚಿ, ಕಣ್ತುಂಬ ನೋಡಿ, ಆರಿಸಿಬಿಡುತ್ತಿದ್ದರು. 1882ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಜಾನ್ಸನ್ ಎಂಬವರು ತಮ್ಮ ಮನೆಯ ಮರಕ್ಕೆ ವಿದ್ಯುದ್ದೀಪಗಳನ್ನು ಹಾಕಿದರು. ಜಾನ್ಸನ್ನರು ಥಾಮಸ್ ಎಡಿಸನ್ನರ ಸಹೋದ್ಯೋಗಿ. ಎಡಿಸನ್ನರ ಪರ್ಲ್ ಸ್ಟ್ರೀಟ್ ವಿದ್ಯುದಾಗಾರ ಆ ವರ್ಷದ ಸೆಪ್ಟೆಂಬರಿನಲ್ಲಿ ತಾನೇ ಕೆಲಸ ಪ್ರಾರಂಭಿಸಿತ್ತು. ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳು. ಒಂದೊಂದೂ ಅಕ್ರೋಟಿನ ಗಾತ್ರದವು. ಸಾಲದುದಕ್ಕೆ ಮರ ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ನೋಡಹೋಗಿದ್ದ ಪತ್ರಕರ್ತರೊಬ್ಬರು ಅದನ್ನು ಬಣ್ಣಿಸಿ ಬರೆದರು. ಮರವನ್ನು ತಿರುಗಿಸುತ್ತಿದ್ದ ತಿರುಗಣೆ ನೆಲದ ಕೆಳಗೆ ಮರೆಯಾಗಿತ್ತೆಂಬುದನ್ನು ಹೇಳಲು ಅವರು ಮರೆಯಲಿಲ್ಲ. ಹೀಗೆ ವಿದ್ಯುತ್ತಿನ ಕ್ರಿಸ್‌ಮಸ್ ಮರ ಹುಟ್ಟಿದಂದೇ ಅದರ ಯಂತ್ರ ಕಣ್ಣಿಗೆ ಮರೆಯಾಗಿ ಕುಳಿತುಕೊಂಡಿತು.

ಆ ಕಾಲದಲ್ಲಿ ಇಂಥ ಮರ ಶ್ರೀಮಂತರ ಸೊತ್ತು. ಒಂದೊಂದು ಬಲ್ಬಿಗೂ ತಂತಿ ಹೆಣೆದು ಕೂಡಿಸಲು ಕೆಲಸ ಬಲ್ಲವನೇ ಬೇಕಾಗಿತ್ತು. 1903ರ ಸುಮಾರಿಗೆ ತಂತಿ, ಹೋಲ್ಡರು, ಬಲ್ಬು ಎಲ್ಲವೂ ಕೂಡಿದ ಸಿದ್ಧ ಮಾಲೆಗಳು ಅಮೆರಿಕದ ಅಂಗಡಿಗಳಿಗೆ ಬಂದವು. ಇಂಥ ಮಾಲೆಯನ್ನೇ ನಾವು ಸೀರಿಯಲ್ ಸೆಟ್ಟು ಎನ್ನುತ್ತೇವೆ. ನಮ್ಮ ಮದುವೆ ಚಪ್ಪರಕ್ಕೆ, ಗಣಪತಿಯ ಪೆಂಡಾಲಿಗೆ, ಕ್ರೈಸ್ತ ಬಂಧುಗಳ ಮನೆಯ ಗೋದಲಿಗೆ ಹಾಕುವುದು ಅದನ್ನೇ. ಈ ಹೆಸರನ್ನು ನಾನು ಬಹಳ ಮೆಚ್ಚುತ್ತೇನೆ. ಇಂಗ್ಲಿಷಿನವರು ಇದನ್ನು ಹಬ್ಬದ ಹೆಸರಿನಿಂದಲೋ ಬಲ್ಬಿನ ಗಾತ್ರದಿಂದಲೋ ಕರೆದರೆ, ನಮ್ಮ ಜನ ಅದರೊಳಗಿನ ವಿದ್ಯುತ್ ಮಂಡಲದ ಹೆಸರನ್ನೇ ಹಿಡಿದು ಕರೆದರು. ಬಲ್ಬುಗಳು ಸರಣಿಯಲ್ಲಿ, ಒಂದರ ಬೆನ್ನಿಗೆ ಒಂದು ಎಂಬಂತೆ ನಿಂತಿವೆ. ಒಂದರೊಳಗಿನಿಂದ ಹಾದು ಬಂದ ಪ್ರವಾಹವೇ ಇನ್ನೊಂದನ್ನು ಹೊಗಬೇಕು. ಪಾಠ ಹೇಳುವವನ ಕೆಲಸದಲ್ಲಿ ಅರ್ಧವನ್ನು ಆ ಹೆಸರೇ ಮುಗಿಸಿಬಿಟ್ಟಿದೆ.

ಸರಣಿಯ ಲೆಕ್ಕ ಸುಲಭ. ಅಮೆರಿಕದ ಮನೆಗಳಿಗೆ ಬರುವುದು 120 ವೋಲ್ಟ್. ಅಲ್ಲಿನ ಪುಟ್ಟ ತಂತುದೀಪವೊಂದಕ್ಕೆ ಬೇಕಾದುದು ಎರಡೂವರೆ ವೋಲ್ಟಿನ ಆಸುಪಾಸು. ಐವತ್ತು ಬಲ್ಬುಗಳನ್ನು ಸರಣಿಯಲ್ಲಿ ನಿಲ್ಲಿಸಿದರೆ 120 ವೋಲ್ಟನ್ನು ಅವು ಸಮನಾಗಿ ಹಂಚಿಕೊಳ್ಳುತ್ತವೆ. ಒಂದು ಬಲ್ಬು ಸತ್ತರೆ ಸಾಲಿಗೆ ಸಾಲೇ ಕತ್ತಲಾಗಬೇಕಷ್ಟೆ. ಹಾಗಾಗದಿರಲೆಂದು ಬಲ್ಬಿನೊಳಗೆ, ಉರಿಯುವ ತಂತುವಿನ ಕೆಳಗೆ, ಇನ್ನೊಂದು ಸಣ್ಣ ತಂತಿಯ ಸುರುಳಿಯನ್ನು ಇಟ್ಟಿರುತ್ತಾರೆ. ಅದರ ಮೈಮೇಲೆ ವಿದ್ಯುತ್ತನ್ನು ತಡೆಯುವ ತೆಳುಪದರ ಇರುತ್ತದೆ. ತಂತು ಕಡಿದೊಡನೆ ಸಾಲಿನ ಪೂರ್ತಿ ಒತ್ತಡ ಆ ಒಂದು ಬಲ್ಬಿನ ಮೇಲೆಯೇ ಬೀಳುತ್ತದೆ, ಪದರ ಒಡೆಯುತ್ತದೆ, ಪ್ರವಾಹಕ್ಕೆ ಅಡ್ಡದಾರಿ ಸಿಗುತ್ತದೆ. ಉಳಿದ ನಲವತ್ತೊಂಬತ್ತು ಉರಿಯುತ್ತಲೇ ಇರುತ್ತವೆ. ಆದರೆ ಸತ್ತವನ ಪಾಲಿನ ಒತ್ತಡವನ್ನು ಇವರು ಹಂಚಿಕೊಳ್ಳಬೇಕು. ಒಂದು, ಎರಡು, ಮೂರು ಎಂದು ಸತ್ತವುಗಳನ್ನು ಬದಲಾಯಿಸದೆ ಬಿಟ್ಟರೆ, ಬದುಕಿರುವವು ಹೆಚ್ಚು ಹೆಚ್ಚು ಪ್ರಖರವಾಗಿ ಉರಿದು ಬೇಗ ಬೇಗ ಸಾಯುತ್ತವೆ. ಹಿರಿಯ ಸಂಸಾರವೊಂದರಲ್ಲಿ ದುಡಿಯುವ ಕೈಗಳು ಕಡಿಮೆಯಾದರೆ ಉಳಿದವರಿಗೆ ಆಗುವುದೂ ಇದೇ ಅಲ್ಲವೆ?

ಮರವೂ ಕೃತಕವಾದದ್ದು ಬೇರೆಯದೇ ಕತೆ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಹೆಬ್ಬಾತುಕೋಳಿಯ ಗರಿಗಳಿಗೆ ಹಸಿರು ಬಣ್ಣ ಹಾಕಿ, ಅವನ್ನು ತಂತಿಗೆ ಸುತ್ತಿ ಮರ ಮಾಡುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಮ್ಯಾನಿಟೊವಾಕ್ ಎಂಬ ಊರಿನ ಕಾರ್ಖಾನೆಯೊಂದು ಅಲ್ಯೂಮಿನಿಯಮ್ ತಗಡಿನ, ಬೆಳ್ಳಿಯಂತೆ ಥಳಥಳಿಸುವ ಮರಗಳನ್ನು ಹೊರತಂದು ಹೆಸರು ಮಾಡಿತು. ಈ ಬೆಳ್ಳಿಮರ ನಮ್ಮ ಇಂದಿನ ವಿಷಯಕ್ಕೆ ಒಂದು ಒಳ್ಳೆಯ ಪಾಠ. ಲೋಹದ ಕೊಂಬೆಗೆ ವಿದ್ಯುದ್ದೀಪದ ಸಾಲನ್ನು ಸುತ್ತುವಂತಿಲ್ಲ. ಎಲ್ಲಿಯಾದರೂ ತಂತಿಯ ಹೊದಿಕೆ ಸವೆದರೆ ಮರಕ್ಕೆ ಮರವೇ ಷಾಕು ಹೊಡೆಯುತ್ತದೆ. ಅದಕ್ಕೆ ಅವರು ಕಂಡ ಉಪಾಯ ಸೊಗಸಾದದ್ದು. ಮರದಿಂದ ದೂರದಲ್ಲಿ, ನೆಲದ ಮೇಲೆ, ಒಂದು ದೀಪ. ಅದರ ಮುಂದೆ ನಿಧಾನವಾಗಿ ತಿರುಗುವ ಬಣ್ಣಬಣ್ಣದ ಗಾಜಿನಂಥ ಚಕ್ರ. ಬೆಳ್ಳಿಯ ಮರ ಒಮ್ಮೆ ಕೆಂಪಾಗಿ, ಒಮ್ಮೆ ನೀಲಿಯಾಗಿ, ಒಮ್ಮೆ ಹಸಿರಾಗಿ ಹೊಳೆಯುತ್ತಿತ್ತು. ಮರದ ಮೇಲೆ ಒಂದೇ ಒಂದು ತಂತಿಯೂ ಇರಲಿಲ್ಲ. ತಂತಿಯನ್ನು ಮುಚ್ಚುವುದಕ್ಕಿಂತ ತಂತಿಯೇ ಬೇಡವಾಗುವಂತೆ ಮಾಡುವುದು ಮೇಲು ಎಂಬುದನ್ನು ಅದು ತೋರಿಸಿತು.

ಆ ಬೆಳ್ಳಿಯ ಗೀಳು ಹೆಚ್ಚು ಕಾಲ ಬಾಳಲಿಲ್ಲ. ಹಸಿರು ಪ್ಲಾಸ್ಟಿಕ್ಕಿನ ಎಲೆಗಳ ಮರಗಳು ಗೆದ್ದವು. ಮುಂದೆ ದೀಪಗಳನ್ನು ಕಟ್ಟಿಕೊಂಡೇ ಬರುವ ಮರಗಳು ಬಂದವು. ಅವುಗಳೊಂದಿಗೆ ಹೊಸ ತೊಡಕೂ ಬಂತು. ಆರುನೂರು ತಂತುದೀಪಗಳ ಮರವೊಂದನ್ನು ತೆಗೆದುಕೊಳ್ಳೋಣ. ಬಲ್ಬಿಗೆ 0.4 ವಾಟ್ ಎಂದರೂ ಒಟ್ಟು 240 ವಾಟ್. 120 ವೋಲ್ಟಿನಲ್ಲಿ ಎರಡು ಆಂಪಿಯರ್ ಪ್ರವಾಹ. ಅಮೆರಿಕದ ದೀಪಮಾಲೆಗಳ ಪ್ಲಗ್ಗಿನೊಳಗೆ ಪುಟ್ಟ ಫ್ಯೂಸು ಇರುತ್ತದೆ. ಸಾಮಾನ್ಯವಾಗಿ 3 ಆಂಪಿಯರಿನದು. ಸಾವಿರ ಬಲ್ಬುಗಳ ದೊಡ್ಡ ಮರವಾದರೆ ಪ್ರವಾಹ ಮೂರು ಆಂಪಿಯರನ್ನು ದಾಟಿತು; ಒಂದು ಪ್ಲಗ್ಗು ಸಾಲದು, ಎರಡು ಬೇಕು. ಜೊತೆಗೆ ಮರದ ಒಂದೊಂದು ತುಂಡಿಗೂ ಅದರದೇ ತಂತಿ, ಅದರದೇ ಪ್ಲಗ್ಗು. ಕೆಳತುಂಡಿನ ಸಾಕೆಟ್ಟಿಗೆ ನಡುತುಂಡಿನ ಪ್ಲಗ್ಗು, ನಡುತುಂಡಿನದಕ್ಕೆ ಮೇಲ್ತುಂಡಿನದು. ಎಲ್ಲವೂ ಹಸಿರು, ಎಲ್ಲವೂ ಒಂದೇ ಬಗೆ, ಎಲ್ಲವೂ ಕೊಂಬೆಗಳ ಕತ್ತಲಲ್ಲಿ. ಮನೆಯ ಯಜಮಾನ ಕೈಯಲ್ಲಿ ಟಾರ್ಚು ಹಿಡಿದು ಮರದೊಳಗೆ ತಲೆ ತೂರಿಸಿ ಹುಡುಕುವುದು, ಮನೆಯಾಕೆ ಹೊರಗೆ ನಿಂತು ‘ಮಧ್ಯದ್ದು ಹತ್ತಲಿಲ್ಲ’ ಎನ್ನುವುದು, ಇದು ಆ ದೇಶದ ಹಬ್ಬದ ಮುನ್ನುಡಿಯಾಗಿತ್ತು.

ಎಲ್‌ಇಡಿ ಬಂದ ಮೇಲೆ ಈ ಚಿತ್ರ ಬದಲಾಯಿತು. ಅದೇ ಆರುನೂರು ದೀಪಗಳು, ಒಂದೊಂದು 0.06 ವಾಟಿನಂತೆ, ಒಟ್ಟು 36 ವಾಟಿನಲ್ಲಿ ಮುಗಿಯುತ್ತವೆ. ಎರಡು ಆಂಪಿಯರ್ ಇದ್ದುದು 0.3 ಆಂಪಿಯರಿಗೆ ಇಳಿಯಿತು. ಬಿಸಿಯೂ ಅದೇ ಪ್ರಮಾಣದಲ್ಲಿ ತಗ್ಗಿತು. ಎಲ್‌ಇಡಿ ಒಂದು ದಿಕ್ಕಿನ ಪ್ರವಾಹವನ್ನು ಮಾತ್ರ ಬಿಟ್ಟುಕೊಳ್ಳುವ ಬಾಗಿಲು. ಮನೆಗೆ ಬರುವ ಪ್ರವಾಹವೋ ಸೆಕೆಂಡಿಗೆ ಅರುವತ್ತು ಬಾರಿ ಹಿಂದೆ ಮುಂದೆ ಓಲಾಡುವಂಥದ್ದು. ಆದುದರಿಂದ ಹಲವು ಮರಗಳಿಗೆ ಗೋಡೆಯ ಬಳಿ ಒಂದು ಅಡಾಪ್ಟರ್ ಇಟ್ಟು, 120 ವೋಲ್ಟನ್ನು ಮೂವತ್ತು ವೋಲ್ಟಿನ ಆಸುಪಾಸಿಗೆ ಇಳಿಸಿ, ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸಿ ಮರಕ್ಕೆ ಕೊಡುತ್ತಾರೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ, ತಂತಿ ಕಚ್ಚುವ ಬೆಕ್ಕುನಾಯಿಗಳಿದ್ದರೆ, ಈ ಮೂವತ್ತು ವೋಲ್ಟು ದೊಡ್ಡ ವರ. 120 ವೋಲ್ಟಿನ ಅಪಾಯ ಮರದ ಮೈಮೇಲಿಂದ ಇಳಿದು ಗೋಡೆಯ ಬಳಿಯ ಒಂದು ಡಬ್ಬಿಯೊಳಗೆ ಸೇರಿಕೊಂಡಿತು.

ಇದರ ಜೊತೆಗೆ ಇನ್ನೊಂದು ಸುಧಾರಣೆಯೂ ಆಯಿತು. ಹೊಸ ಮರಗಳ ನಡುಗಂಬ ಬರಿಯ ಕೊಳವೆಯಲ್ಲ. ಅದರೊಳಗೆ ತಂತಿ ಹಾದುಹೋಗಿ, ತುಂಡಿನ ತುದಿಯಲ್ಲಿ ಪ್ಲಗ್ಗೂ ಸಾಕೆಟ್ಟೂ ಕೂತಿರುತ್ತವೆ. ಕೆಳತುಂಡಿನ ಮೇಲೆ ನಡುತುಂಡನ್ನು ಇಳಿಸಿ ಕೂರಿಸಿದರೆ ಸಾಕು, ಮರವೂ ನಿಂತಿತು, ಮಂಡಲವೂ ಪೂರ್ಣವಾಯಿತು. ಬೇರಿನಿಂದ ಕಾಂಡದೊಳಗೇ ರಸ ಏರಿ ಕೊಂಬೆಗೆ ಹೋಗುವ ನಿಜವಾದ ಮರದ ಕ್ರಮವನ್ನು ಕೃತಕ ಮರ ಕೊನೆಗೂ ಕಲಿತುಕೊಂಡಿತು ಎನ್ನಬೇಕು. ಹೊರಗೆ ಉಳಿಯುವುದು ಬುಡದಿಂದ ಗೋಡೆಗೆ ಹೋಗುವ ಒಂದೇ ತಂತಿ.

ಇದರಿಂದ ನಾನು ತೆಗೆಯುವ ಮೊದಲ ಮಾತು ಇಷ್ಟು: ಮರೆಮಾಡುವ ಮೊದಲು ಸರಳಗೊಳಿಸಬೇಕು. ಹತ್ತು ತಂತಿಗಳನ್ನು ಮುಚ್ಚುವುದು ಕಷ್ಟ. ಒಂದನ್ನು ಮುಚ್ಚುವುದು ಸುಲಭ. ಹಳೆಯ ಮರವೇ ಇದ್ದರೂ ಇದು ಸಾಧ್ಯ. ಮರವನ್ನು ನಿಲ್ಲಿಸುವ ಮೊದಲು, ತುಂಡುಗಳು ನೆಲದ ಮೇಲಿರುವಾಗಲೇ, ಒಂದೊಂದನ್ನೂ ಬೇರೆಬೇರೆಯಾಗಿ ಉರಿಸಿ ನೋಡಿ, ಪ್ಲಗ್ಗು ಸಾಕೆಟ್ಟುಗಳ ಜೋಡಿಗೆ ಒಂದೇ ಬಣ್ಣದ ದಾರವನ್ನು ಕಟ್ಟಿಬಿಟ್ಟರೆ, ಟಾರ್ಚಿನ ಹುಡುಕಾಟ ತಪ್ಪುತ್ತದೆ. ತಂತಿಯನ್ನು ನಡುಗಂಬದ ಹಿಂಬದಿಗೆ ಹಸಿರು ಪಟ್ಟಿಯಿಂದ ಅಲ್ಲಲ್ಲಿ ಸಡಿಲವಾಗಿ ಕಟ್ಟಿದರೆ ಕೊಂಬೆಗಳೇ ಅದನ್ನು ಮುಚ್ಚುತ್ತವೆ. ಬಿಗಿಯಾಗಿ ಸುರುಳಿ ಸುತ್ತಿ ಗಂಟು ಹಾಕಬಾರದು. ತಂತಿ ಮುರಿಯುವುದು ಅಂಥ ಮಡಿಕೆಯಲ್ಲಿಯೇ. ಕೊನೆಗೆ ಒಂದು ತಂತಿ ಮಾತ್ರ ಹೊರಗೆ ಬರುವಂತೆ ಮಾಡಿ, ಮರಕ್ಕೆ ಜಾಗ ಹುಡುಕಬೇಕು. ಮರಕ್ಕೆ ಜಾಗ ಗೊತ್ತುಮಾಡಿ ಅನಂತರ ಸಾಕೆಟ್ಟನ್ನು ಹುಡುಕುವುದು ತಿರುವುಮುರುವು ಕ್ರಮ. ಅಮೆರಿಕದ ಕಟ್ಟಡ ನಿಯಮದಂತೆ ವಾಸದ ಕೋಣೆಯ ಗೋಡೆಯ ಉದ್ದಕ್ಕೂ ಯಾವ ಬಿಂದುವಿನಿಂದ ಅಳೆದರೂ ಆರು ಅಡಿಯೊಳಗೆ ಸಾಕೆಟ್ಟು ಇರಬೇಕು. ಆದ್ದರಿಂದ ಮರವನ್ನು ಒಂದೆರಡು ಅಡಿ ಸರಿಸಲು ಒಪ್ಪಿದರೆ ಎಕ್ಸ್‌ಟೆನ್ಷನ್ ತಂತಿಯ ಗೊಡವೆಯೇ ಬೀಳುವುದಿಲ್ಲ.

ಇನ್ನು ಮರೆಮಾಡುವುದು. ಮರದ ಬುಡದ ಕಬ್ಬಿಣದ ಕಾಲುಗಳು ಕಾಣದಂತೆ ಆ ಜನ ದುಂಡನೆಯ ಬಟ್ಟೆಯೊಂದನ್ನು ಸುತ್ತುತ್ತಾರೆ. ಅದಕ್ಕೆ ಲಂಗವೆಂದೇ ಹೆಸರು. ಕೆಲವರು ಹೆಣೆದ ಬುಟ್ಟಿಯ ಬಳೆಯೊಂದನ್ನು ಇಡುತ್ತಾರೆ. ತಂತಿಯನ್ನು ಅದರೊಳಗೆ ತಂದು, ಗೋಡೆಯ ಬುಡದ ಮರದ ಪಟ್ಟಿಗೆ ಒತ್ತಿಕೊಂಡು ಹೋಗುವಂತೆ ಹಾಯಿಸಿ, ಗೋಡೆಯ ಬಣ್ಣದ್ದೇ ಆದ ಪ್ಲಾಸ್ಟಿಕ್ ಪಟ್ಟಿಯಿಂದ ಮುಚ್ಚಿದರೆ ಕಣ್ಣಿಗೆ ಏನೂ ತೋರದು. ಮರೆಮಾಡಬಾರದ ಕಡೆಗಳೂ ಉಂಟು. ರತ್ನಗಂಬಳಿಯ ಕೆಳಗೆ ತಂತಿಯನ್ನು ಹಾಯಿಸಬಾರದು. ಕಾಲು ತುಳಿದು ತುಳಿದು ಹೊದಿಕೆ ಸವೆಯುವುದು ಯಾರಿಗೂ ತಿಳಿಯುವುದಿಲ್ಲ, ಬಿಸಿಯೇರಿದರೆ ಹೋಗಲು ದಾರಿಯೂ ಇಲ್ಲ. ಬಾಗಿಲ ಸಂದಿಯಲ್ಲಿ, ಭಾರದ ಸೋಫಾದ ಕಾಲಡಿಯಲ್ಲಿ ಸಿಕ್ಕಿಸಬಾರದು. ಮೊಳೆಯಿಂದಲೂ ಪಿನ್ನಿನಿಂದಲೂ ಜಡಿಯಬಾರದು. ಒಂದು ಎಕ್ಸ್‌ಟೆನ್ಷನ್ ತಂತಿಯ ತುದಿಗೆ ಇನ್ನೊಂದನ್ನು ಸಿಕ್ಕಿಸುತ್ತ ಹೋಗಬಾರದು. ಅಡಾಪ್ಟರನ್ನು ಉಡುಗೊರೆಯ ಡಬ್ಬಿಯಂತೆ ಕಾಣಲೆಂದು ಬಣ್ಣದ ಕಾಗದದಲ್ಲಿ ಸುತ್ತಿ ಮರದಡಿ ಇಡುವ ಜಾಣ್ಮೆಯನ್ನೂ ಒಂದೆರಡು ಕಡೆ ನೋಡಿದ್ದೇನೆ. ಕೈಯಿಟ್ಟು ನೋಡಿದರೆ ಅಡಾಪ್ಟರ್ ಬೆಚ್ಚಗಿರುತ್ತದೆ. ಆ ಬೆಚ್ಚನೆ ಹೊರಗೆ ಹೋಗಲು ಗಾಳಿ ಬೇಕು. ಉಸಿರಾಡುವ ವಸ್ತುವಿಗೆ ಮುಸುಕು ಹಾಕಬಾರದು.

ಇಷ್ಟೆಲ್ಲವನ್ನೂ ಸರಿಯಾಗಿ ಮಾಡಿದ ಮೇಲೆಯೂ ಒಂದು ದೊಡ್ಡ ವಿಷಯ ಬಿಟ್ಟುಹೋಗಬಹುದು. ಅದನ್ನು ನಾನು ಮನಗಂಡದ್ದು ಮಗಳ ಮನೆಯಿಂದ ಎರಡು ಮನೆ ಆಚೆಗಿದ್ದ ಒಬ್ಬ ವೃದ್ಧೆಯ ಮನೆಯಲ್ಲಿ. ಎಂಬತ್ತು ದಾಟಿದ ಆಕೆ ಒಬ್ಬರೇ ವಾಸವಾಗಿದ್ದರು. ವಾಕರ್ ಹಿಡಿದು ನಡೆಯುತ್ತಿದ್ದರು. ದೂರದ ಊರಿನಿಂದ ಮಗ ಬಂದು, ಕಿಟಕಿಯ ಬಳಿ ಮರ ನಿಲ್ಲಿಸಿ, ಒಂದೆಳೆ ತಂತಿಯೂ ಕಾಣದಂತೆ ಬಲು ನಾಜೂಕಾಗಿ ಎಲ್ಲವನ್ನೂ ಮುಚ್ಚಿ ಹೋಗಿದ್ದ. ಪ್ಲಗ್ಗು ಇದ್ದದ್ದು ಸೋಫಾದ ಹಿಂದೆ. ನಮ್ಮಲ್ಲಿಯಂತೆ ಅಲ್ಲಿನ ಸಾಕೆಟ್ಟುಗಳ ಪಕ್ಕದಲ್ಲಿ ಸ್ವಿಚ್ಚು ಇರುವುದಿಲ್ಲ. ದೀಪ ಆರಿಸಬೇಕೆಂದರೆ ಪ್ಲಗ್ಗನ್ನೇ ಕೀಳಬೇಕು. ಮರದ ತಂತಿಯಲ್ಲಿ ಕಾಲಿನಿಂದ ಒತ್ತುವ ಗುಂಡಿಯೊಂದು ಇತ್ತು, ನಿಜ. ಅದು ಮರದ ಹಿಂದೆ, ಲಂಗದ ಕೆಳಗೆ. ವಾಕರ್ ಹಿಡಿದವರು ಕಾಲು ಚಾಚಿ ಅದನ್ನು ತಡಕುವುದೆಂದರೆ ಬೀಳಲು ಮುಹೂರ್ತವಿಟ್ಟಂತೆ. ಹೀಗಾಗಿ ಆಕೆ ದಿನವೂ ಸಂಜೆ ನನ್ನ ಮಗಳಿಗೆ ಫೋನು ಮಾಡುವರು: ಸ್ವಲ್ಪ ಬಂದು ಮರ ಹಚ್ಚಿ ಹೋಗುವೆಯಾ? ರಾತ್ರಿ ಮತ್ತೆ ಆರಿಸಲು ಕರೆಯಲು ಸಂಕೋಚಪಟ್ಟು ಬೆಳತನಕ ಹಾಗೆಯೇ ಉರಿಯಬಿಡುತ್ತಿದ್ದರು.

ಮಗಳು ಒಂದು ದಿನ ‘ಅಪ್ಪಾ, ಅವರ ಮಗ ತಂತಿ ಮುಚ್ಚಿದ್ದು ಸರಿ, ಸ್ವಿಚ್ಚನ್ನೂ ಮುಚ್ಚಿಬಿಟ್ಟಿದ್ದಾನಲ್ಲ. ನೀವು ಒಮ್ಮೆ ಬಂದು ನೋಡಿ’ ಎಂದಳು. ಅಳಿಯಂದಿರೂ ನಾನೂ ಹೋದೆವು. ಅಲ್ಲಿನ ಅನೇಕ ಮನೆಗಳಲ್ಲಿ, ಸೂರಿಗೆ ದೀಪವಿಲ್ಲದ ಕೋಣೆಗಳಲ್ಲಿ, ಬಾಗಿಲ ಬಳಿಯ ಸ್ವಿಚ್ಚು ಗೋಡೆಯ ಯಾವುದೋ ಒಂದು ಸಾಕೆಟ್ಟನ್ನು ಆಳುತ್ತಿರುತ್ತದೆ. ಅದಕ್ಕೆ ಮೇಜಿನ ದೀಪ ಸಿಕ್ಕಿಸಿಕೊಳ್ಳಲಿ ಎಂಬುದು ಉದ್ದೇಶ. ಆ ಮನೆಯಲ್ಲಿಯೂ ಅಂಥದೊಂದು ಸ್ವಿಚ್ಚು ಇತ್ತು. ಅದು ಯಾವುದಕ್ಕೆ ಎಂದು ಆಕೆಗೆ ಮರೆತುಹೋಗಿತ್ತು. ಮೇಜಿನ ದೀಪವೊಂದನ್ನು ಹಿಡಿದು ಅಳಿಯಂದಿರು ಸಾಕೆಟ್ಟಿನಿಂದ ಸಾಕೆಟ್ಟಿಗೆ ಹೋದರು. ನಾನು ಬಾಗಿಲಲ್ಲಿ ನಿಂತು ಸ್ವಿಚ್ಚು ಹಾಕಿ ತೆಗೆಯುತ್ತಿದ್ದೆ. ಕಿಟಕಿಯ ಇನ್ನೊಂದು ಬದಿಯ ಸಾಕೆಟ್ಟಿನ ಕೆಳಗಿನ ಅರ್ಧಕ್ಕೆ ದೀಪ ಹತ್ತಿತು. ಮರವನ್ನು ನಾಲ್ಕು ಅಡಿ ಆಚೆಗೆ ಸರಿಸಿ, ಪ್ಲಗ್ಗನ್ನು ಅಲ್ಲಿ ಸಿಕ್ಕಿಸಿ, ಕಾಲಿನ ಗುಂಡಿಯನ್ನು ಹಾಕಿಯೇ ಬಿಟ್ಟೆವು. ಆಕೆ ಬಾಗಿಲ ಬಳಿ ಬಂದು ಸ್ವಿಚ್ಚನ್ನು ಹಾಕಿದರು, ತೆಗೆದರು. ಮತ್ತೆ ಹಾಕಿದರು, ತೆಗೆದರು. ಮೂರನೆಯ ಸಲ ಹಾಕಿ ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು. ಮಾರನೆಯ ಸಂಜೆ ಅವರ ಫೋನು ಬರಲಿಲ್ಲ. ನಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಅವರ ಮರ ಉರಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಆರಿತು.

ಎಲೆಮರೆಯ ತಂತಿಯನ್ನು ಹೊಗಳಬಹುದೆ ಎಂಬ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಹೀಗೆ. ಕಣ್ಣಿಗೆ ಮರೆಯಾಗಿರಲಿ, ಕೈಗೆ ಎಟುಕುತ್ತಿರಲಿ. ವಾಲಿಯನ್ನು ಮರದ ಮರೆಯಲ್ಲಿ ನಿಂತು ಕೊಂದದ್ದು ಸರಿಯೆ ಎಂದು ನಮ್ಮ ಜನ ಇಂದಿಗೂ ವಾದಿಸುತ್ತಾರೆ. ಮರೆ ಎಂಬುದು ಅಂದಕ್ಕೂ ಆಗುತ್ತದೆ, ಅಪಾಯಕ್ಕೂ ಆಗುತ್ತದೆ. ಯಾರು ಆ ದೀಪದೊಡನೆ ಬದುಕಬೇಕೋ ಅವರಿಂದಲೇ ಅದರ ಕೀಲಿಯನ್ನು ಅಡಗಿಸಿದರೆ, ಆ ಅಲಂಕಾರ ಯಾರಿಗಾಗಿ? ಬಾಗಿಲ ಸ್ವಿಚ್ಚಿಗೆ ಓಗೊಡುವ ಸಾಕೆಟ್ಟು ಇಲ್ಲದ ಮನೆಯಲ್ಲಿ ಬೇರೆ ದಾರಿಗಳಿವೆ: ಪ್ಲಗ್ಗಿಗೂ ಗೋಡೆಗೂ ನಡುವೆ ಸಿಕ್ಕಿಸಿ ದೂರದಿಂದಲೇ ಒತ್ತುವ ರಿಮೋಟು, ಹೊತ್ತು ಗೊತ್ತುಮಾಡಿದರೆ ತಾನೇ ಹಚ್ಚಿ ಆರಿಸುವ ಟೈಮರು. ಯಾವುದನ್ನೇ ಆರಿಸಿಕೊಂಡರೂ, ತೊಂದರೆ ಬಂದ ಗಳಿಗೆಯಲ್ಲಿ ಪ್ಲಗ್ಗನ್ನು ಕಿತ್ತುಹಾಕಲು ಒಂದು ಕೈ ಹೋಗುವಷ್ಟು ಜಾಗವನ್ನು ಬಿಟ್ಟೇ ಇರಬೇಕು.

ತಂತಿಯೇ ಬೇಡ, ಬ್ಯಾಟರಿ ಸಾಲದೆ ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಬಹುದು. ಗೋಡೆ ಗಡಿಯಾರಕ್ಕೆ ಹಾಕುವ ಗಾತ್ರದ ಮೂರು ಶೆಲ್ಲುಗಳಲ್ಲಿ ಹೆಚ್ಚೆಂದರೆ ಹತ್ತು ವಾಟ್-ಗಂಟೆಯಷ್ಟು ಶಕ್ತಿ. ಮೇಜಿನ ಮೇಲಿಡುವ, ಹದಿನೈದಿಪ್ಪತ್ತು ದೀಪಗಳ ಪುಟ್ಟ ಮರಕ್ಕೆ ಒಂದು ವಾಟ್ ಸಾಕಾದ್ದರಿಂದ, ಅದು ಎರಡು ಸಂಜೆಗಳನ್ನು ಕಳೆದೀತು. 36 ವಾಟಿನ ಆಳೆತ್ತರದ ಮರಕ್ಕೆ ಅದೇ ಶೆಲ್ಲುಗಳು ಅರ್ಧ ಗಂಟೆಯೂ ಬಾರವು. ಸಣ್ಣದಕ್ಕೆ ಸಣ್ಣ ದಾರಿ. ದೊಡ್ಡದಕ್ಕೆ ಗೋಡೆಯೇ ಗತಿ.

ಅಲ್ಲಿ ಸಂಸಾರ ಹೂಡಿದ್ದ ನಮ್ಮವರು ಕೆಲವರು ಊರಿಗೆ ಮರಳುವಾಗ ಮಕ್ಕಳ ಹಟಕ್ಕೆ ಮರವನ್ನೂ ತರುತ್ತಾರೆ. ಅವರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿರುವುದು 230 ವೋಲ್ಟ್. ತಂತುದೀಪಗಳ ಅಮೆರಿಕದ ಮರವನ್ನು ನೇರವಾಗಿ ಇಲ್ಲಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಒಂದೊಂದು ಬಲ್ಬಿಗೂ ಇಮ್ಮಡಿ ಒತ್ತಡ ಬೀಳುತ್ತದೆ. ಒಮ್ಮೆ ಬೆಳ್ಳಗೆ ಹೊಳೆದು ಎಲ್ಲವೂ ಮುಗಿಯುತ್ತವೆ. ಎಲ್‌ಇಡಿ ಮರವಾದರೆ ಅಡಾಪ್ಟರಿನ ಬೆನ್ನನ್ನು ಓದಬೇಕು. 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ, ಪ್ಲಗ್ಗಿನ ಕಡ್ಡಿಗಳ ಆಕಾರವನ್ನು ಹೊಂದಿಸುವ ಒಂದು ಕನ್ವರ್ಷನ್ ಪ್ಲಗ್ಗು ಸಾಕು. 120 ಎಂದಷ್ಟೇ ಬರೆದಿದ್ದರೆ ಸಾಲದು. ಬೇರೆ ಅಡಾಪ್ಟರ್ ಕೊಳ್ಳಬೇಕಾದರೆ ನಾಲ್ಕು ಅಂಶ ಸರಿಹೊಂದಬೇಕು: ಹೊರಬರುವ ವೋಲ್ಟು ಹಳೆಯದರಷ್ಟೇ ಇರಬೇಕು, ಆಂಪಿಯರು ಹಳೆಯದರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ಪ್ರವಾಹ ನೇರವೋ ಓಲಾಡುವುದೋ ಎಂಬುದು ಒಂದೇ ಆಗಿರಬೇಕು, ಪಿನ್ನಿನ ಧನ ಋಣ ತುದಿಗಳು ಅದಲುಬದಲಾಗಿರಬಾರದು. ಪಿನ್ನು ಒಳಹೊಕ್ಕಿತೆಂದ ಮಾತ್ರಕ್ಕೆ ನಂಟು ಕೂಡಿತೆಂದು ತಿಳಿಯಬಾರದು.

ಜನವರಿ ಮೊದಲ ವಾರ ಮುಗಿಯುತ್ತಿದ್ದಂತೆ ಮರಗಳು ಮತ್ತೆ ಪೆಟ್ಟಿಗೆಗೆ ಸೇರುತ್ತವೆ. ಮರ ಪೆಟ್ಟಿಗೆಯಲ್ಲಿ, ಅಡಾಪ್ಟರ್ ಇನ್ನಾವುದೋ ಡ್ರಾಯರಿನಲ್ಲಿ, ಹಳೆಯ ಫೋನುಗಳ ಹಳೆಯ ಚಾರ್ಜರುಗಳ ರಾಶಿಯ ನಡುವೆ. ಹನ್ನೊಂದು ತಿಂಗಳ ಅನಂತರ ಯಾವುದಕ್ಕೆ ಯಾವುದು ಎಂದು ಬ್ರಹ್ಮನೂ ಹೇಳಲಾರ. ಅದಕ್ಕಾಗಿ ಒಂದು ಚೀಟಿ ಬೇಕು. ಮರದ ಹೆಸರು, ವೋಲ್ಟು, ಆಂಪಿಯರು, ಪ್ಲಗ್ಗು ಹೋಗುವ ಜಾಗ, ಸ್ವಿಚ್ಚು ಇರುವ ಜಾಗ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು, ಅಡಾಪ್ಟರಿನ ತಂತಿಗೇ ಕಟ್ಟಿ, ಅದನ್ನು ಮರದ ಬುಡದ ತುಂಡಿನೊಡನೆಯೇ ಇಡಬೇಕು. ಬರೆಯುವಾಗ, ಮುಂದಿನ ವರ್ಷ ಈ ಪೆಟ್ಟಿಗೆಯನ್ನು ಬಿಚ್ಚುವವರು ನಾವೇ ಆಗಿರಬೇಕೆಂದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟು ಬರೆಯಬೇಕು.